ಸುಮ್ಮನಿದ್ದ ಮಾತ್ರಕ್ಕೆ ಮಗು ಸಮಾಧಾನದಲ್ಲಿದೆ ಎಂದಲ್ಲ

ಮಾನ್ಯ ಸಂಪಾದಕರೇ,

ಶಾಲಾ ಮಕ್ಕಳ ಶಿಸ್ತನ್ನು ಕುರಿತು ನಿಮ್ಮ ಪತ್ರಿಕೆಯಲ್ಲಿ ಇತ್ತೀಚೆಗೆ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಅದರ ಬಹುಪಾಲು ಮಾತುಗಳಿಗೆ ನನ್ನ ತಕರಾರಿಲ್ಲ. ಆದರೆ ಆಟಿಸಂ, ಎಡಿಎಚ್‌ಡಿ (ಗಮನ ನಿಲ್ಲದಿರುವ, ಅತಿ ಚಟುವಟಿಕೆಯ ತೊಂದರೆ), ಡೌನ್ ಸಿಂಡ್ರೋಮ್ ಮೊದಲಾದ ಬೆಳವಣಿಗೆಯ ತೊಂದರೆಗಳಿರುವ ಮಕ್ಕಳ ಪ್ರಸ್ತಾಪ ಬಂದ ಕಡೆ, ಗಲಾಟೆ ಮಾಡದೆ ತನ್ನ ಜಾಗದಲ್ಲಿ ಕೂರುವುದನ್ನು ರೂಢಿಸಿಕೊಂಡ ಮಗು ಸ್ವನಿಯಂತ್ರಣವನ್ನು ಕಲಿತಂತೆಯೇ ಎಂಬ ಅರ್ಥ ಬರುವ ಒಂದು ವಾಕ್ಯವಿದೆ. ಈ ಪತ್ರ ಆ ಒಂದು ವಾಕ್ಯವನ್ನು ಕುರಿತದ್ದು. ವಿಶೇಷ ಶಿಕ್ಷಕಿಯಾಗಿ ಇಪ್ಪತ್ತಕ್ಕೂ ಹೆಚ್ಚು ವರ್ಷಗಳನ್ನು ಇಂಥ ಮಕ್ಕಳ ಜೊತೆ ಕಳೆದಿರುವ ನಾನು ಅದರಲ್ಲಿ ಮೊದಲ ಎಂಟು ಹತ್ತು ವರ್ಷ ಇದೇ ನಂಬಿಕೆಯಲ್ಲಿದ್ದೆ. ಆದ್ದರಿಂದ ಲೇಖಕರನ್ನು ದೂರುವ ಉದ್ದೇಶವೂ ನನಗಿಲ್ಲ, ಅರ್ಹತೆಯೂ ಇಲ್ಲ.

ನಾವು ಪ್ರತಿ ಮಗುವಿಗೂ ಒಂದು ದಿನಚರಿ ಪುಸ್ತಕ ಇಡುತ್ತಿದ್ದೆವು. ಸಂಜೆ ಮಗು ಮನೆಗೆ ಹೊರಡುವ ಮುನ್ನ ಅದರಲ್ಲಿ ಎರಡು ಸಾಲು ಬರೆದು ಕಳಿಸುವುದು ಪದ್ಧತಿ. ಆಟಿಸಂ ಇದ್ದ ಒಂಬತ್ತು ವರ್ಷದ ಹುಡುಗನೊಬ್ಬನ ಪುಸ್ತಕದಲ್ಲಿ ನಾನು ತಿಂಗಳುಗಟ್ಟಲೆ ಒಂದೇ ವಾಕ್ಯ ಬರೆದಿದ್ದೆ: ‘ಇಂದು ಯಾವ ತೊಂದರೆಯೂ ಇಲ್ಲ.’ ಒಂದು ದಿನ ಅದರ ಕೆಳಗೆ ಅವನ ತಾಯಿ ಬರೆದಿದ್ದರು, ‘ಮನೆಗೆ ಬಂದವನು ಷೂ ಬಿಚ್ಚುವ ಮೊದಲೇ ಕಿರುಚಲು ಶುರು ಮಾಡುತ್ತಾನೆ, ಒಂದೂವರೆ ಗಂಟೆ ನಿಲ್ಲುವುದಿಲ್ಲ. ಶಾಲೆಯಲ್ಲಿ ಏನಾಗುತ್ತಿದೆ ಮೇಡಂ?’ ಏನೂ ಆಗುತ್ತಿಲ್ಲ ಎಂದು ಉತ್ತರಿಸಿದೆ. ಶಾಲೆಯಲ್ಲಿ ಸರಿಯಾಗಿರುವ ಮಗು ಮನೆಯಲ್ಲಿ ಹೀಗಾಡುತ್ತದೆಂದರೆ ದೋಷ ಮನೆಯಲ್ಲೇ ಇರಬೇಕು ಎಂದು ಮನಸ್ಸಿನಲ್ಲೇ ತೀರ್ಮಾನಿಸಿಯೂ ಆಗಿತ್ತು. ತಾಯಿಯ ತಣ್ಣನೆಯ ಸ್ವಭಾವವೇ ಆಟಿಸಂಗೆ ಕಾರಣ ಎಂದು ಪಂಡಿತರು ಗಂಭೀರವಾಗಿ ಹೇಳುತ್ತಿದ್ದ ಕಾಲವೊಂದಿತ್ತು. ಮನಶ್ಶಾಸ್ತ್ರಜ್ಞರೂ ಆಟಿಸಂ ಇದ್ದ ಮಗನ ತಂದೆಯೂ ಆಗಿದ್ದ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಷ್ಟು ಹಿಂದೆಯೇ ಆ ವಾದವನ್ನು ಬುಡಸಮೇತ ಪ್ರಶ್ನಿಸಿದ್ದರು. ಹಾಗಿದ್ದೂ ಅದರ ಒಂದು ಚೂರು ನನ್ನ ತಲೆಯೊಳಗೆ ಉಳಿದುಕೊಂಡಿತ್ತು.

ಆ ತಾಯಿ ಪಟ್ಟು ಬಿಡದೆ ಮತ್ತೆ ಮತ್ತೆ ಬರೆದ ಕಾರಣ ನಾನು ಹುಡುಗನನ್ನು ಒಂದು ವಾರ ಬೇರೆ ಕಣ್ಣಿನಿಂದ ನೋಡಿದೆ. ಅವನ ಅಂಗಿಯ ಕಾಲರು ಮಧ್ಯಾಹ್ನದ ಹೊತ್ತಿಗೆ ಜಗಿದು ಜಗಿದು ಒದ್ದೆಯಾಗಿರುತ್ತಿತ್ತು. ಇಡೀ ದಿನ ಒಮ್ಮೆಯೂ ಶೌಚಾಲಯಕ್ಕೆ ಹೋಗುತ್ತಿರಲಿಲ್ಲ. ಊಟದ ಡಬ್ಬಿ ಮುಚ್ಚಿದಂತೆಯೇ ಮನೆಗೆ ವಾಪಸಾಗುತ್ತಿತ್ತು. ಭುಜಗಳು ಕಿವಿಯ ಕಡೆಗೆ ಏರಿ ನಿಂತಿರುತ್ತಿದ್ದವು, ಗಂಟೆ ಬಾರಿಸಿದ ಮೇಲೆ ಒಂದಿಷ್ಟು ಇಳಿಯುತ್ತಿದ್ದವು, ಮುಂದಿನ ಗಂಟೆ ಹತ್ತಿರವಾದಂತೆ ಮತ್ತೆ ಏರುತ್ತಿದ್ದವು. ನನ್ನ ಕಣ್ಣಿಗೆ ತರಗತಿಯಲ್ಲೇ ಅತ್ಯಂತ ಶಿಸ್ತಿನ ಹುಡುಗನಾಗಿದ್ದವನು ಆರು ಗಂಟೆ ಕಾಲ ಹೆದರಿಕೆಯನ್ನು ಅದುಮಿ ಹಿಡಿದುಕೊಂಡು ಕೂರುತ್ತಿದ್ದ. ತಾನು ಸುರಕ್ಷಿತ ಎಂದು ನಂಬಿದ್ದ ಒಂದೇ ಜಾಗದಲ್ಲಿ, ಅಂದರೆ ತಾಯಿಯ ಮುಂದೆ, ಆ ಹಿಡಿತ ಕಳಚುತ್ತಿತ್ತು. ಆಟಿಸಂ ಇರುವ ವಯಸ್ಕರು ತಮ್ಮ ಬಾಲ್ಯದ ಬಗ್ಗೆ ಹೇಳುವಾಗ ಈ ಅದುಮಿಡುವಿಕೆಯನ್ನು ಮಾಸ್ಕಿಂಗ್, ಅಂದರೆ ಮುಖವಾಡ ಹಾಕುವುದು, ಎಂದು ಕರೆಯುತ್ತಾರೆ ಮತ್ತು ಅದು ಎಷ್ಟು ಬಳಲಿಸುವ ಕೆಲಸವೆಂಬುದನ್ನು ತಪ್ಪದೆ ಸೇರಿಸುತ್ತಾರೆ.

ಆತಂಕ ಈ ಮಕ್ಕಳಲ್ಲಿ ಅಪರೂಪದ ಸಂಗತಿಯಲ್ಲ. ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳನ್ನು ವಿವರಿಸಿ ಆಟಿಸಂ ಎಂಬ ಸ್ಥಿತಿಗೆ ವೈದ್ಯಕೀಯದಲ್ಲಿ ಒಂದು ರೂಪ ಕೊಟ್ಟ ಲೇಖನದಲ್ಲೇ, ಸುತ್ತಲಿನದೆಲ್ಲ ಇದ್ದ ಹಾಗೆಯೇ ಇರಬೇಕೆಂಬ ಅವರ ಹಂಬಲದಲ್ಲಿ ಆತಂಕ ಬೆರೆತಿರುವುದನ್ನೂ, ಜೋರು ಸದ್ದಿಗೆ, ಚಲಿಸುವ ಯಂತ್ರಗಳಿಗೆ ಅವರು ಬೆಚ್ಚುವುದನ್ನೂ ಗುರುತಿಸಿದ್ದರು. 31 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ 2011ರ ಒಂದು ವಿಶ್ಲೇಷಣೆಯ ಪ್ರಕಾರ, ಆಟಿಸಂ ಇರುವ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳು ಮತ್ತು ಹದಿಹರೆಯದವರಲ್ಲಿ ಸುಮಾರು 40 ಪ್ರತಿಶತ ಮಂದಿಗೆ, ಪ್ರತ್ಯೇಕವಾಗಿ ಗುರುತಿಸಿ ಚಿಕಿತ್ಸೆ ಕೊಡಬೇಕಾದ ಮಟ್ಟದ ಒಂದಾದರೂ ಆತಂಕದ ಕಾಯಿಲೆ ಇತ್ತು. ವಿಲಿಯಮ್ಸ್ ಸಿಂಡ್ರೋಮ್ ಇರುವ ಮಕ್ಕಳ ವಿಷಯ ಇನ್ನೂ ಕಣ್ತೆರೆಸುವಂಥದ್ದು. ಏಳನೆಯ ವರ್ಣತಂತುವಿನ ಒಂದು ಸಣ್ಣ ತುಣುಕು ಇಲ್ಲದಿರುವುದರಿಂದ ಬರುವ ಈ ಸ್ಥಿತಿಯಲ್ಲಿ ಮಗು ಅಪರಿಚಿತರನ್ನೂ ನಗುನಗುತ್ತ ಮಾತಾಡಿಸುತ್ತದೆ, ಅದರ ಮುಖ ನೋಡಿದ ಯಾರೂ ಇದು ಹೆದರುವ ಮಗು ಎನ್ನಲಾರರು. ಆದರೆ ಸದ್ದು, ಎತ್ತರ, ನಾಳೆ ಏನಾಗುವುದೋ ಎಂಬ ಯೋಚನೆ ಇವು ಅಂಥ ಮಕ್ಕಳನ್ನು ತೀವ್ರವಾಗಿ ಕಾಡುವುದು ಸಾಮಾನ್ಯ. ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಚಡಪಡಿಕೆಗೆ ಕಾರಣ ಎಡಿಎಚ್‌ಡಿಯೋ ಆತಂಕವೋ ಎಂದು ಬೇರ್ಪಡಿಸುವುದು ಅನುಭವಿ ವೈದ್ಯರಿಗೂ ಸುಲಭವಲ್ಲ. ಎರಡೂ ಇರಬಹುದು.

ಹಾಗಿದ್ದೂ ಆತಂಕ ನಮ್ಮ ಗಮನಕ್ಕೆ ಬರುವುದಿಲ್ಲ. ಮಗುವಿಗೆ ಒಮ್ಮೆ ಒಂದು ಹೆಸರು ಅಂಟಿತೆಂದರೆ ಅದರ ನಡವಳಿಕೆಯಲ್ಲಿ ಕಾಣುವುದೆಲ್ಲವನ್ನೂ ನಾವು ಆ ಹೆಸರಿನ ಖಾತೆಗೇ ಜಮಾ ಮಾಡುತ್ತೇವೆ. ನಿದ್ದೆ ಬಾರದಿದ್ದರೆ ಆಟಿಸಂ, ಹೊಟ್ಟೆನೋವೆಂದರೆ ಆಟಿಸಂ, ಶಾಲೆಗೆ ಹೋಗಲಾರೆ ಎಂದರೂ ಆಟಿಸಂ. ಬೌದ್ಧಿಕ ನ್ಯೂನತೆ ಇರುವವರ ಮಾನಸಿಕ ತೊಂದರೆಗಳು ಹೀಗೆ ಮೂಲ ಸಮಸ್ಯೆಯ ನೆರಳಿನಲ್ಲಿ ಮರೆಯಾಗುವುದನ್ನು ಸಂಶೋಧಕರು 1982ರಲ್ಲೇ ತೋರಿಸಿ ಅದಕ್ಕೊಂದು ಹೆಸರನ್ನೂ ಕೊಟ್ಟಿದ್ದಾರೆ. ಮಾತು ಬಾರದ ಮಗುವಿನ ವಿಷಯದಲ್ಲಂತೂ ಈ ನೆರಳು ಇನ್ನೂ ದಟ್ಟ. ಹಲ್ಲುನೋವು, ಮಲಬದ್ಧತೆ, ಕಿವಿಯ ಸೋಂಕು ಇಂಥವೂ ‘ನಡವಳಿಕೆಯ ಸಮಸ್ಯೆ’ ಎಂಬ ಹೆಸರಿನಲ್ಲಿ ನಮ್ಮ ಬಳಿಗೆ ಬರುತ್ತವೆ. ಮಗುವಿನ ವರ್ತನೆ ಒಮ್ಮೆಲೇ ಬದಲಾದರೆ ಮೊದಲು ದೇಹವನ್ನು ಪರೀಕ್ಷೆ ಮಾಡಿಸಬೇಕು, ಮನಸ್ಸಿನ ಮಾತು ಆಮೇಲೆ.

ಮಾತು ಚೆನ್ನಾಗಿ ಬರುವ ಮಗುವನ್ನು ಕೇಳಿ ತಿಳಿಯಬಹುದಲ್ಲ ಎನ್ನಬಹುದು. ‘ಹೆದರಿಕೆ ಆಗ್ತಿದೆಯಾ?’ ಎಂದು ನಾನೂ ನನ್ನ ಹುಡುಗನನ್ನು ಕೇಳಿದ್ದೆ. ‘ಇಲ್ಲ’ ಎಂದಿದ್ದ, ಮತ್ತು ಅದು ಸುಳ್ಳಾಗಿರಲಿಲ್ಲ. ಎದೆ ಹೊಡೆದುಕೊಳ್ಳುವುದು, ಬಾಯಿ ಒಣಗುವುದು, ಹೊಟ್ಟೆ ತೊಳಸುವುದು ಇವೆಲ್ಲ ಸೇರಿ ಹೆದರಿಕೆ ಎಂಬ ಒಂದು ಭಾವವಾಗುತ್ತದೆ ಎಂಬುದನ್ನು ನಮ್ಮಲ್ಲಿ ಹೆಚ್ಚಿನವರು ಯಾರೂ ಹೇಳಿಕೊಡದೆ ಕಲಿತಿರುತ್ತೇವೆ. ದೇಹದ ಒಳಗಿನ ಸುದ್ದಿಯನ್ನು ಓದುವ ಈ ಶಕ್ತಿ ಕೆಲವು ಮಕ್ಕಳಲ್ಲಿ ಮಂಕಾಗಿರುತ್ತದೆ, ಕೆಲವರಲ್ಲಿ ಗೊಂದಲದಿಂದ ಕೂಡಿರುತ್ತದೆ. ತನ್ನ ಭಾವನೆಗಳನ್ನು ತಾನೇ ಗುರುತಿಸಿ ಹೆಸರಿಸಲಾಗದ ಸ್ಥಿತಿಗೆ ಪೀಟರ್ ಸಿಫ್ನಿಯೋಸ್ ಎಂಬ ಮನೋವೈದ್ಯರು 1970ರ ದಶಕದಲ್ಲಿ ಅಲೆಕ್ಸಿಥೈಮಿಯಾ ಎಂಬ ಪದವನ್ನು ಬಳಕೆಗೆ ತಂದರು. ಆಟಿಸಂ ಇರುವವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯಲ್ಲಿ ಇದು ಕಂಡುಬರುತ್ತದೆ. ಆದ್ದರಿಂದ ಭಾವನೆಯ ಹೆಸರು ಹಿಡಿದು ಕೇಳುವುದಕ್ಕಿಂತ ‘ಹೊಟ್ಟೆಯಲ್ಲಿ ಏನಾಗ್ತಿದೆ, ಕೈ ಬಿಸಿ ಇದೆಯಾ ತಣ್ಣಗಿದೆಯಾ’ ಎಂದು ಕೇಳಿದರೆ ಉತ್ತರ ಸಿಗುವುದುಂಟು. ನನ್ನ ಹುಡುಗ ಕೊನೆಗೆ ಹೇಳಿದ್ದು ಇಷ್ಟು: ‘ಗಂಟೆ ಹೊಡೆಯೋಕೆ ಮುಂಚೆ ನನ್ನ ಕಾಲಿನೊಳಗೆ ಇರುವೆ ಓಡ್ತವೆ.’

ಅಪಾಯ ಎದುರಾದಾಗ ದೇಹ ಹೋರಾಡಲು ಅಥವಾ ಓಡಲು ಸಜ್ಜಾಗುತ್ತದೆ ಎಂಬುದು ಎಲ್ಲರೂ ಓದಿರುವ ಸಂಗತಿ. ಹೊಡೆಯುವ ಮಗುವನ್ನೂ ತರಗತಿಯಿಂದ ಓಡಿಹೋಗುವ ಮಗುವನ್ನೂ ನಾವು ಕೂಡಲೇ ಗಮನಿಸುತ್ತೇವೆ, ಏಕೆಂದರೆ ಅವರಿಂದ ನಮಗೆ ತೊಂದರೆ. ಮೂರನೆಯ ದಾರಿಯೊಂದಿದೆ: ಕಲ್ಲಿನಂತೆ ಕೂತುಬಿಡುವುದು. ಆ ಹೊತ್ತಿನಲ್ಲಿ ಮಗುವಿಗೆ ಹೇಳಿದ ಮಾತು ತಲೆಗೆ ಹೋಗುವುದಿಲ್ಲ. ಯೋಚಿಸಿ ತೂಗಿ ನೋಡುವ ಕೆಲಸದಲ್ಲಿ ಮುಖ್ಯವಾದ ಮೆದುಳಿನ ಮುಂಭಾಗ ಯಾವ ಮನುಷ್ಯನಲ್ಲೂ ಇಪ್ಪತ್ತೈದರ ಆಸುಪಾಸಿನವರೆಗೆ ಪೂರ್ತಿ ಬಲಿಯುವುದಿಲ್ಲ, ಅದರ ಮೇಲೆ ಭಯ ಏರಿದಾಗ ಅದರ ಹಿಡಿತ ಇನ್ನಷ್ಟು ಸಡಿಲವಾಗುತ್ತದೆ. ಅಂಥ ಮಗುವಿನ ಮುಂದೆ ನಿಂತು ಕಾರಣ ಕೇಳುವುದು, ಬುದ್ಧಿ ಹೇಳುವುದು, ಕ್ಷಮೆ ಕೇಳಿಸುವುದು ನಮ್ಮ ಸಮಾಧಾನಕ್ಕಷ್ಟೇ. ಬೇಕಾದ ವಸ್ತುವಿಗಾಗಿ ಮಾಡುವ ರಂಪಕ್ಕೂ ತಡೆದುಕೊಳ್ಳಲಾರದೆ ಆಗುವ ಮೆಲ್ಟ್‌ಡೌನ್‌ಗೂ ವ್ಯತ್ಯಾಸವಿದೆ ಎಂದು ಪಾಲಕರಿಗೆ ನಾನು ಹೇಳುತ್ತೇನೆ. ಕೇಳಿದ ವಸ್ತು ಸಿಕ್ಕ ಕೂಡಲೇ ಮೊದಲನೆಯದು ನಿಲ್ಲುತ್ತದೆ, ಎರಡನೆಯದು ನಿಲ್ಲುವುದಿಲ್ಲ. ಆದರೆ ಮೊದಲನೆಯದಾಗಿ ಶುರುವಾದದ್ದು ನಡುವೆ ಎರಡನೆಯದಾಗಿ ತಿರುಗುವುದನ್ನೂ ಸಾಕಷ್ಟು ಸಲ ನೋಡಿರುವುದರಿಂದ, ಈ ಗೆರೆಯನ್ನು ತುಂಬ ಗಟ್ಟಿಯಾಗಿ ಎಳೆಯಲು ನನಗೆ ಧೈರ್ಯವಿಲ್ಲ.

ಗಂಟೆಯ ವಿಷಯಕ್ಕೆ ಮರಳುತ್ತೇನೆ, ಏಕೆಂದರೆ ಅದರಿಂದ ನಾನು ಕಲಿತದ್ದು ಹೆಚ್ಚು. ಇಂದ್ರಿಯಗಳಿಗೆ ಬರುವ ಪ್ರಚೋದನೆಗೆ ಅತಿಯಾಗಿ ಅಥವಾ ತೀರ ಕಡಿಮೆಯಾಗಿ ಪ್ರತಿಕ್ರಿಯಿಸುವುದನ್ನು ಅಮೆರಿಕದ ಮನೋವೈದ್ಯರ ಸಂಘ ತನ್ನ ರೋಗನಿರ್ಣಯ ಕೈಪಿಡಿಯ 2013ರ ಆವೃತ್ತಿಯಲ್ಲಿ ಆಟಿಸಂ ಲಕ್ಷಣಗಳ ಪಟ್ಟಿಗೆ ಸೇರಿಸಿತು. ಹೀಗಾಗಿ ಸದ್ದು ಅವನಿಗೆ ನೋವುಂಟುಮಾಡುತ್ತಿದೆ ಎಂದುಕೊಂಡು ಕಿವಿಗೆ ಹೆಡ್‌ಫೋನ್ ತರಿಸಿದೆವು. ಅರ್ಧ ಪ್ರಯೋಜನವಾಯಿತು. ಉಳಿದರ್ಧ ಸದ್ದಿನಲ್ಲಿರಲಿಲ್ಲ, ಕಾಯುವಿಕೆಯಲ್ಲಿತ್ತು. ಗಂಟೆ ಬಾರಿಸುವವರು ಕೆಲವೊಮ್ಮೆ ಎರಡು ನಿಮಿಷ ಮೊದಲು, ಕೆಲವೊಮ್ಮೆ ಮೂರು ನಿಮಿಷ ತಡವಾಗಿ ಬಾರಿಸುತ್ತಿದ್ದರು, ಮತ್ತು ಆ ಐದು ನಿಮಿಷದ ಅನಿಶ್ಚಿತತೆಯೇ ಅವನನ್ನು ಹಿಂಡುತ್ತಿತ್ತು. ಮುಂದೇನೆಂದು ತಿಳಿಯದಿರುವುದನ್ನು ತಾಳಿಕೊಳ್ಳಲಾರದ ಈ ಗುಣಕ್ಕೂ ಆತಂಕಕ್ಕೂ ನಿಕಟ ಸಂಬಂಧವಿದೆ ಎಂಬುದನ್ನು ಆಟಿಸಂ ಇರುವ ಮಕ್ಕಳ ಮೇಲಿನ ಹಲವು ಅಧ್ಯಯನಗಳು ತೋರಿಸಿವೆ. ಉತ್ತರ ಗೊತ್ತಿದ್ದೂ ಒಂದೇ ಪ್ರಶ್ನೆಯನ್ನು ಮಗು ನಲವತ್ತು ಸಲ ಕೇಳುವುದು ನಮ್ಮ ತಾಳ್ಮೆ ಪರೀಕ್ಷಿಸಲೆಂದಲ್ಲ; ಉತ್ತರ ಬದಲಾಗಿಲ್ಲ ತಾನೇ ಎಂದು ಖಚಿತಪಡಿಸಿಕೊಳ್ಳಲು.

ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಎರಿಕ್ ಶಾಪ್ಲರ್ ಮತ್ತು ಸಂಗಡಿಗರು ರೂಪಿಸಿದ, 1972ರಲ್ಲಿ ಆ ರಾಜ್ಯದ ಅಧಿಕೃತ ಕಾರ್ಯಕ್ರಮವಾದ ಟೀಚ್ ಪದ್ಧತಿಯ ಮೂಲಕ ಚಿತ್ರಗಳ ದಿನಪಟ್ಟಿ ಲೋಕದೆಲ್ಲೆಡೆಯ ವಿಶೇಷ ತರಗತಿಗಳಿಗೆ ಹರಡಿತು. ಈಗ ಏನು, ಆಮೇಲೆ ಏನು, ಯಾವಾಗ ಮುಗಿಯುತ್ತದೆ ಎಂಬುದು ಗೋಡೆಯ ಮೇಲೆ ಕಣ್ಣಿಗೆ ಕಾಣುವಂತಿದ್ದರೆ ಮಗು ಅದನ್ನು ತಲೆಯಲ್ಲಿ ಹೊತ್ತು ತಿರುಗಬೇಕಿಲ್ಲ. ಆದರೆ ಒಂದು ಎಚ್ಚರಿಕೆ: ದಿನಪಟ್ಟಿ ಯಾವತ್ತೂ ಬದಲಾಗದಿದ್ದರೆ ಅದೇ ಇನ್ನೊಂದು ಪಂಜರವಾಗುತ್ತದೆ. ‘ಬದಲಾವಣೆ’ ಎಂಬ ಚಿತ್ರವನ್ನೂ ಒಂದು ಕಾರ್ಡಿನಲ್ಲಿ ಬರೆದು, ಮೊದಮೊದಲು ಸಂತೋಷದ ಬದಲಾವಣೆಗಳಿಗೆ ಅದನ್ನು ಬಳಸಿ, ನಿಧಾನವಾಗಿ ಬೇರೆ ಬದಲಾವಣೆಗಳಿಗೂ ತರುವುದನ್ನು ನಾವು ಕಲಿತದ್ದು ತಡವಾಗಿ.

ಸ್ವನಿಯಂತ್ರಣವೆಂಬುದು ಮಗುವಿನೊಳಗೆ ಮೊದಲೇ ಇರುವ ಇಚ್ಛಾಶಕ್ತಿ, ಗದರಿದರೆ ಹೊರಬರುತ್ತದೆ ಎಂಬ ಎಣಿಕೆಯೂ ಲೇಖನದ ಆ ವಾಕ್ಯದ ಹಿಂದೆ ಇದ್ದಂತಿದೆ. ರಷ್ಯಾದ ಮನಶ್ಶಾಸ್ತ್ರಜ್ಞ ಲೆವ್ ವೈಗೋಟ್‌ಸ್ಕಿ ಇದನ್ನು ಬಹಳ ಹಿಂದೆಯೇ ಬೇರೆ ರೀತಿಯಲ್ಲಿ ವಿವರಿಸಿದ್ದರು. ಮೊದಲು ದೊಡ್ಡವರ ಮಾತು ಮಗುವನ್ನು ನಡೆಸುತ್ತದೆ, ಆಮೇಲೆ ಮಗು ಅದೇ ಮಾತನ್ನು ತನಗೆ ತಾನೇ ಗಟ್ಟಿಯಾಗಿ ಹೇಳಿಕೊಳ್ಳುತ್ತದೆ, ಕೊನೆಗೆ ಆ ಮಾತು ಒಳಕ್ಕಿಳಿದು ಯೋಚನೆಯಾಗುತ್ತದೆ. ಭಾಷೆಯೇ ತಡವಾಗಿರುವ ಮಗುವಿಗೆ ಈ ಸಾಧನವೇ ಕೈಗೆ ಸಿಕ್ಕಿರುವುದಿಲ್ಲ ಎಂಬುದನ್ನು ಇದರ ಮುಂದೆ ಇಟ್ಟು ನೋಡಿ. ಅಂಥ ಮಗುವಿನ ಪಾಲಿಗೆ ಪಕ್ಕದಲ್ಲಿ ಕೂತ ದೊಡ್ಡವರ ನಿಧಾನದ ಉಸಿರು, ತಗ್ಗಿದ ದನಿ, ಒಂದು ಚಿತ್ರ, ಇವೇ ಆ ಮಾತಿನ ಬದಲಿಗೆ ಒದಗಬೇಕು. ಎರವಲು ಸಿಗದ ಸಮಾಧಾನವನ್ನು ಅದು ಸ್ವಂತದ್ದಾಗಿ ಮಾಡಿಕೊಳ್ಳುವುದು ಎಲ್ಲಿಂದ?

ಮಿಠಾಯಿ ಮುಂದಿಟ್ಟು, ತಿನ್ನದೆ ಕಾದರೆ ಎರಡು ಕೊಡುತ್ತೇನೆ ಎನ್ನುವ ವಾಲ್ಟರ್ ಮಿಷೆಲ್ ಅವರ ಹೆಸರಾಂತ ಪ್ರಯೋಗವನ್ನು ಶಿಸ್ತಿನ ಪರವಾಗಿ ಮಾತಾಡುವವರು ಮರೆಯದೆ ಉದಾಹರಿಸುತ್ತಾರೆ. ಅದರ ಮುಂದಿನ ಕಥೆ ಅಷ್ಟು ಪ್ರಚಾರ ಪಡೆದಿಲ್ಲ. ರೋಚೆಸ್ಟರ್ ವಿಶ್ವವಿದ್ಯಾಲಯದ ಸೆಲೆಸ್ಟ್ ಕಿಡ್ ಮತ್ತು ಸಹೋದ್ಯೋಗಿಗಳು 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 28 ಪುಟ್ಟ ಮಕ್ಕಳಲ್ಲಿ ಅರ್ಧ ಮಂದಿಗೆ ದೊಡ್ಡವರು ಮೊದಲು ಒಂದು ಮಾತು ಕೊಟ್ಟು ಉಳಿಸಿಕೊಂಡರು, ಉಳಿದವರಿಗೆ ಮಾತು ಕೊಟ್ಟು ತಪ್ಪಿದರು. ಆಮೇಲೆ ಮಿಠಾಯಿ ಇಟ್ಟಾಗ ಮೊದಲ ಗುಂಪಿನ ಮಕ್ಕಳು ಸರಾಸರಿ 12 ನಿಮಿಷ ಕಾದರು, ಎರಡನೆಯ ಗುಂಪಿನವರು 3 ನಿಮಿಷ. ಇವರು ಬೆಳವಣಿಗೆಯ ತೊಂದರೆ ಇದ್ದ ಮಕ್ಕಳೆಂದು ಆರಿಸಿಕೊಂಡವರಲ್ಲ, ನಿಜ. ಆದರೆ ನಾಳಿನ ಬಗ್ಗೆ ಮೊದಲೇ ಅಂಜಿರುವ ಮಗುವಿಗೆ ‘ಇನ್ನೈದು ನಿಮಿಷ’ ಎಂದು ಹೇಳಿ ಇಪ್ಪತ್ತು ನಿಮಿಷ ಕೂರಿಸುವ ನಾವು, ಕಾಯುವುದನ್ನು ಕಲಿಸುತ್ತಿದ್ದೇವೆಯೋ ನಂಬದಿರುವುದನ್ನು ಕಲಿಸುತ್ತಿದ್ದೇವೆಯೋ ಎಂದು ಕೇಳಿಕೊಳ್ಳಲು ಇಷ್ಟು ಸಾಕು.

ಕೈ ಬಡಿಯುವುದು, ತೂಗಾಡುವುದು, ಒಂದೇ ಪದವನ್ನು ಗುನುಗುವುದು ಇವನ್ನು ನಿಲ್ಲಿಸುವುದೇ ಮೊದಲ ಪಾಠವೆಂದು ನಾನು ಎಷ್ಟೋ ಮಕ್ಕಳ ಕೈಗಳನ್ನು ಮೇಜಿನ ಮೇಲೆ ಇರಿಸಿದ್ದೇನೆ. ಆ ಚಲನೆಗಳೇ ತಮ್ಮನ್ನು ಸ್ಥಿಮಿತಕ್ಕೆ ತರುತ್ತಿದ್ದವು ಎಂದು ಆಟಿಸಂ ಇರುವ ದೊಡ್ಡವರು ಈಗ ವಿವರಿಸಿ ಹೇಳುತ್ತಿದ್ದಾರೆ. ಅಂದರೆ ಮಗು ತಾನಾಗಿ ಕಂಡುಕೊಂಡಿದ್ದ ಸ್ವನಿಯಂತ್ರಣವನ್ನು ನಾನು ಸ್ವನಿಯಂತ್ರಣದ ಹೆಸರಿನಲ್ಲಿ ಕಿತ್ತುಕೊಂಡಿದ್ದೆ. ತಲೆ ಚಚ್ಚಿಕೊಳ್ಳುವುದು, ಕೈ ಕಚ್ಚಿಕೊಳ್ಳುವುದು ಬೇರೆ ಮಾತು, ಅಲ್ಲಿ ತಜ್ಞರ ನೆರವು ಬೇಕು. ಇನ್ನು ಮಾರುಕಟ್ಟೆಯಲ್ಲಿ ಶಾಂತಿಯ ಭರವಸೆ ಹೊತ್ತು ಬರುವ ಸಾಮಗ್ರಿಗಳ ಬಗ್ಗೆ ಒಂದೇ ಮಾತು. ಭಾರದ ಹೊದಿಕೆಗಳನ್ನು ಆಟಿಸಂ ಇರುವ 67 ಮಕ್ಕಳ ಮೇಲೆ ಪರೀಕ್ಷಿಸಿದ 2014ರ ಅಧ್ಯಯನದಲ್ಲಿ ನಿದ್ದೆಯ ಅವಧಿಯೇನೂ ಹೆಚ್ಚಲಿಲ್ಲ, ಆದರೂ ಮಕ್ಕಳು ಮತ್ತು ಪಾಲಕರು ಆ ಹೊದಿಕೆಯನ್ನೇ ಮೆಚ್ಚಿದರು. ಹಿತವೆನಿಸಿದರೆ ಬಳಸಲಿ, ಔಷಧಿಯೆಂದು ಯಾರೂ ಮಾರದಿರಲಿ.

ಇಷ್ಟೆಲ್ಲ ಅನುಕೂಲ ಮಾಡಿಕೊಟ್ಟರೆ ಮಗು ಲೋಕವನ್ನು ಎದುರಿಸುವುದು ಯಾವಾಗ ಎಂಬ ಪ್ರಶ್ನೆಯನ್ನು ಲೇಖಕರು ಕೇಳಬಹುದು, ಮತ್ತು ಅದು ಸರಿಯಾದ ಪ್ರಶ್ನೆ. ಹೆದರಿಸುವ ಎಲ್ಲವನ್ನೂ ಮಗುವಿನ ದಾರಿಯಿಂದ ತೆಗೆದುಹಾಕುತ್ತ ಹೋದರೆ ಹೆದರಿಕೆ ಕುಗ್ಗುವುದಿಲ್ಲ, ಬೆಳೆಯುತ್ತದೆ. ಆತಂಕದ ಚಿಕಿತ್ಸೆಯಲ್ಲಿ ಇದರಷ್ಟು ಗಟ್ಟಿಯಾದ ತಿಳಿವಳಿಕೆ ಬೇರೆ ಹೆಚ್ಚಿಲ್ಲ. ಎದುರಿಸಬೇಕು, ಆದರೆ ಮೆಟ್ಟಿಲು ಮೆಟ್ಟಿಲಾಗಿ, ಮತ್ತು ಮೆಟ್ಟಿಲಿನ ಎತ್ತರವನ್ನು ಮಗುವಿನ ಕಾಲು ನೋಡಿ ಇಡಬೇಕು. ಆಟಿಸಂ ಮತ್ತು ಆತಂಕ ಎರಡೂ ಇದ್ದ 167 ಮಕ್ಕಳನ್ನು ಒಳಗೊಂಡು 2020ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಇತರ ಮಕ್ಕಳಿಗೆ ಕೊಡುವ ಮಾದರಿಯ ಸಿಬಿಟಿಗಿಂತ, ಅಂದರೆ ಯೋಚನೆ ಮತ್ತು ವರ್ತನೆಯ ರೀತಿಯನ್ನು ಬದಲಿಸಲು ಕಲಿಸುವ ಮಾತಿನ ಚಿಕಿತ್ಸೆಗಿಂತ, ಈ ಮಕ್ಕಳ ಆಸಕ್ತಿ, ಭಾಷೆ, ಸಾಮಾಜಿಕ ತೊಡಕುಗಳಿಗೆ ಹೊಂದಿಸಿ ಮಾರ್ಪಡಿಸಿದ ಸಿಬಿಟಿ ಹೆಚ್ಚು ಫಲ ಕೊಟ್ಟಿತು. ಔಷಧಿ ಬೇಕೇ ಎಂಬುದು ಮಗುವನ್ನು ನೋಡಿದ ವೈದ್ಯರು ಪಾಲಕರೊಡನೆ ಕೂತು ತೀರ್ಮಾನಿಸಬೇಕಾದದ್ದು, ಪತ್ರಿಕೆಯ ಪುಟದಲ್ಲಿ ಅಲ್ಲ.

ನಮ್ಮ ಹುಡುಗನ ಮೆಟ್ಟಿಲುಗಳು ಹೀಗಿದ್ದವು. ಮೊದಲು ಗಂಟೆಯ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಅತಿ ಸಣ್ಣ ದನಿಯಲ್ಲಿ ಅವನ ಕೈಯಿಂದಲೇ ಚಾಲೂ ಮಾಡಿಸಿದೆವು, ನಿಲ್ಲಿಸುವ ಅಧಿಕಾರವೂ ಅವನದೇ. ಕೆಲವು ವಾರಗಳ ನಂತರ ಗಡಿಯಾರ ಹಿಡಿದು ಗಂಟೆ ಬಾರಿಸುವವರ ಪಕ್ಕ ನಿಂತ. ಅವರೂ ಪಾಪ, ಹುಡುಗ ಗಡಿಯಾರ ಹಿಡಿದು ನಿಂತಿರುತ್ತಾನೆಂಬ ಸಂಕೋಚಕ್ಕೆ ಸಮಯಕ್ಕೆ ಸರಿಯಾಗಿ ಬಾರಿಸತೊಡಗಿದರು. ವರ್ಷದ ಕೊನೆಯ ಹೊತ್ತಿಗೆ ದಿನಕ್ಕೊಮ್ಮೆ ಅವನೇ ಬಾರಿಸುತ್ತಿದ್ದ. ಸಂಜೆಯ ಕಿರುಚಾಟ ಪೂರ್ತಿ ನಿಲ್ಲಲಿಲ್ಲ, ವಾರದಲ್ಲಿ ಒಂದೆರಡು ದಿನಕ್ಕೆ ಇಳಿಯಿತು.

ಇದೇ ಕಾರಣಕ್ಕೆ ಸುಮ್ಮನೆ ಕೂತ ಮಗುವಿಗೆ ನಕ್ಷತ್ರ ಅಂಟಿಸುವ ಪಟ್ಟಿಗಳನ್ನು ನಾನು ತರಗತಿಯಿಂದ ತೆಗೆದುಹಾಕಿದ್ದೇನೆ. ಒಳಗೆ ಏನೇ ನಡೆಯುತ್ತಿರಲಿ, ಹೊರಗೆ ತೋರಿಸದಿದ್ದರೆ ಬಹುಮಾನ ಎಂಬುದನ್ನು ಬಿಟ್ಟು ಆ ಪಟ್ಟಿ ಬೇರೇನನ್ನೂ ಕಲಿಸುತ್ತಿರಲಿಲ್ಲ. ದಿನಚರಿ ಪುಸ್ತಕದಲ್ಲೂ ‘ತೊಂದರೆ ಇಲ್ಲ’ ಎಂದು ಬರೆಯುವುದನ್ನು ಬಿಟ್ಟಿದ್ದೇವೆ. ಊಟ ಮಾಡಿದನೇ, ಶೌಚಾಲಯಕ್ಕೆ ಹೋದನೇ, ಸಹಾಯ ಕೇಳಿದನೇ, ವಿರಾಮ ಬೇಕೆಂದು ಕಾರ್ಡು ತೋರಿಸಿದನೇ, ಯಾವ ಹೊತ್ತಿನಲ್ಲಿ ಭುಜ ಬಿಗಿದಿತ್ತು ಎಂಬುದನ್ನು ಬರೆಯುತ್ತೇವೆ. ಮನೆಯವರು ಅದರ ಕೆಳಗೆ ರಾತ್ರಿ ಎಷ್ಟು ಗಂಟೆ ನಿದ್ದೆ, ಬೆಳಿಗ್ಗೆ ಹೇಗಿದ್ದ ಎಂಬುದನ್ನು ಸೇರಿಸಿ ಕಳಿಸುತ್ತಾರೆ. ಹೆಚ್ಚೆಂದರೆ ಐದು ಸಾಲು. ಲೇಖಕರು ಶಾಲೆಗಳಿಗೆ ನೀಡಿರುವ ಸಲಹೆಗಳ ಪಟ್ಟಿಯನ್ನು ಮುಂದೆ ಪರಿಷ್ಕರಿಸುವುದಾದರೆ, ‘ಮಗು ಗಲಾಟೆ ಮಾಡದೆ ಕೂರುವುದೇ’ ಎಂಬ ಪ್ರಶ್ನೆಯ ಜಾಗದಲ್ಲಿ ಈ ಐದು ಸಾಲುಗಳನ್ನು ಹಾಕಲು ಸಾಧ್ಯವೇ ಎಂದು ನಿಮ್ಮ ಮೂಲಕ ಅವರನ್ನು ಕೇಳಿಕೊಳ್ಳುತ್ತೇನೆ.

ಇತಿ,
ಒಬ್ಬ ವಿಶೇಷ ಶಿಕ್ಷಕಿ